ಪೂರ್ತಿ ಚಾರ್ಜ್ ಆದ ಸಿಂಪಡಣೆ ಡ್ರೋನ್ ಬ್ಯಾಟರಿಗಳನ್ನು ಅಪಾಯವಿಲ್ಲದೆ ಡಿಸ್ಚಾರ್ಜ್ ಮಾಡುವುದು ಹೇಗೆ?

ಪ್ರಶ್ನೆ: ತೊಗರಿಹೊಲ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ರೈತ. ನಮ್ಮ ತೊಗರಿಗೆ ಮಾತ್ರವಲ್ಲದೆ ಸುತ್ತಲಿನ ಊರುಗಳಲ್ಲಿ ಬಾಡಿಗೆಗೂ ಎಣ್ಣೆ ಹೊಡೆಯಲೆಂದು 10 ಲೀಟರ್ ಟ್ಯಾಂಕಿನ ಡ್ರೋನ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಒಂದು ಸಲಕ್ಕೆ ಎರಡು ಬ್ಯಾಟರಿ ಬೇಕು. ಪ್ರತಿಯೊಂದೂ 6ಎಸ್ (ಸಾಲಾಗಿ ಜೋಡಿಸಿದ ಆರು ಸೆಲ್), 16000 ಎಂಎಎಚ್‌ನ (16 ಆಂಪಿಯರ್ ಗಂಟೆಯ) ಲೈಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಒಳಗೆ ಯಾವ ಸರ್ಕ್ಯೂಟೂ ಇಲ್ಲದ ಸಾದಾ ಪ್ಯಾಕ್. ನನ್ನ ಬಳಿ ನಾಲ್ಕು ಜೋಡಿ, ಅಂದರೆ ಎಂಟು ಇವೆ.

ತೊಗರಿ ಹೂವಿಗೆ ಬಂದು ಕಾಯಿಕೊರಕದ ಕಾಟ ಶುರುವಾಗಿದ್ದರಿಂದ ಸೋಮವಾರಕ್ಕೆ ಮೂರು ಹೊಲಗಳ ಕೆಲಸ ಒಪ್ಪಿಕೊಂಡು, ಭಾನುವಾರ ರಾತ್ರಿಯೇ ಎಂಟನ್ನೂ ಪೂರ್ತಿ ಚಾರ್ಜ್ ಮಾಡಿಟ್ಟೆ. ಬೆಳಗಿನ ಜಾವ ಹಿಡಿದ ಮಳೆ ಇವತ್ತಿಗೆ ಐದನೆಯ ದಿನವಾದರೂ ಪೂರ್ತಿ ಬಿಟ್ಟಿಲ್ಲ. ಎರೆ ಭೂಮಿ, ಇನ್ನೊಂದು ವಾರ ಹೊಲದೊಳಗೆ ಕಾಲಿಡುವಂತಿಲ್ಲ. ನಿನ್ನೆ ಪೆಟ್ಟಿಗೆ ತೆರೆದು ನೋಡಿದಾಗ, ಎರಡು ವರ್ಷ ಹಳೆಯದಾದ ಒಂದು ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಚಪ್ಪಟೆಯಾದ ಕಲ್ಲಿನ ಮೇಲಿಟ್ಟರೆ ಅತ್ತಿತ್ತ ವಾಲುತ್ತದೆ. ಉಳಿದ ಏಳು ಸರಿಯಾಗಿಯೇ ಇವೆ.

ಚಾರ್ಜರಿನಲ್ಲಿ ಬ್ಯಾಟರಿಯನ್ನು ಎತ್ತಿಡುವ ಮಟ್ಟಕ್ಕೆ ಇಳಿಸುವ ಸ್ಟೋರೇಜ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿ ಒಂದು ಗಂಟೆ ಕಾದರೂ ಸೆಲ್ಲಿನ ವೋಲ್ಟೇಜ್ 4.20ರಿಂದ 4.17ಕ್ಕೆ ಮಾತ್ರ ಇಳಿಯಿತು. ಹೀಗೇ ಆದರೆ ಎಂಟು ಬ್ಯಾಟರಿ ಇಳಿಸಲು ಎಷ್ಟು ದಿನ ಬೇಕೋ ತಿಳಿಯದು. ಡ್ರೋನ್ ಮಾರಿದವರನ್ನು ಕೇಳಿದರೆ ತುಂಬಿಟ್ಟರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ನಮ್ಮ ತಂದೆಯವರ ಸ್ನೇಹಿತರೊಬ್ಬರು ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿದರೆ ತಾನಾಗಿಯೇ ಇಳಿಯುತ್ತದೆ ಎಂದು ಹೇಳಿದರು. ಉಬ್ಬಿದ ಬ್ಯಾಟರಿಯನ್ನು ಮನೆಯೊಳಗೆ ಇಡಲು ಮನೆಯವರಿಗೆ ಹೆದರಿಕೆ. ಹಿತ್ತಿಲಲ್ಲಿ ಇಡೋಣವೆಂದರೆ ಅಲ್ಲಿ ಕಣಕಿಯ ಬಣವೆ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೆಸುಗೆಕಡ್ಡಿ

ಮೊದಲು ಉಬ್ಬಿದ ಬ್ಯಾಟರಿಯ ವಿಷಯ, ಏಕೆಂದರೆ ಅದು ಕಾಯುವ ಕೆಲಸವಲ್ಲ. ಅದನ್ನು ಒತ್ತಬೇಡಿ, ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ, ಇನ್ನೊಮ್ಮೆ ಚಾರ್ಜಿಗೆ ಹಾಕಲೇಬೇಡಿ. ಹಳೆಯ ಮಣ್ಣಿನ ಹರವಿ ಅಥವಾ ತಗಡಿನ ಡಬ್ಬದ ತಳದಲ್ಲಿ ಒಣ ಮರಳು ಹಾಸಿ, ಅದರಲ್ಲಿ ಬ್ಯಾಟರಿಯನ್ನಿಟ್ಟು, ಗಾಳಿ ಹೊರಹೋಗುವಂತೆ ಸಡಿಲವಾಗಿ ಮುಚ್ಚಿ, ಮಳೆ ಬೀಳದ ಆದರೆ ಮನೆಗೂ ಬಣವೆಗೂ ದೂರವಾದ ಕಟ್ಟೆಯ ಮೇಲಿಡಿ. ಬಿಗಿಯಾದ ಮುಚ್ಚಳ ಬೇಡ. ಒಳಗೆ ಹೊಗೆ ಎದ್ದರೆ ಡಬ್ಬವೇ ಬಾಂಬಿನಂತಾಗುತ್ತದೆ. ಅದು ಮುಟ್ಟಿದರೆ ಬಿಸಿ ಇದ್ದರೆ, ಅಥವಾ ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬರುತ್ತಿದ್ದರೆ, ಕೈ ಹಾಕದೆ ದೂರವಿಡುವುದೊಂದೇ ಸದ್ಯದ ಕೆಲಸ.

ಇನ್ನು ಉಳಿದ ಏಳು. ತುಂಬಿಟ್ಟರೆ ಏನೂ ಆಗುವುದಿಲ್ಲ ಎಂಬ ಮಾತು ತಪ್ಪು. ಸೆಲ್ 4.20 ವೋಲ್ಟಿನಲ್ಲಿ ನಿಂತಿರುವಷ್ಟು ಹೊತ್ತೂ ಒಳಗಿನ ಎಲೆಕ್ಟ್ರೋಲೈಟ್ ನಿಧಾನವಾಗಿ ಕೆಡುತ್ತಾ ಅನಿಲವನ್ನು ಹುಟ್ಟಿಸುತ್ತದೆ, ಒಳಗಿನ ರೋಧವೂ ಏರುತ್ತದೆ. ಸೆಕೆ ಹೆಚ್ಚಿದ್ದರೆ ಈ ಕೆಡುವಿಕೆ ಇನ್ನೂ ಬೇಗ. ಒಂದೆರಡು ದಿನಕ್ಕೆ ದೊಡ್ಡ ನಷ್ಟವಿಲ್ಲದಿದ್ದರೂ ವಾರಗಟ್ಟಲೆ ಹಾಗೇ ಬಿಟ್ಟರೆ ಆಯಸ್ಸು ಕಡಿಮೆಯಾಗುವುದು ಖಂಡಿತ. ನಿಮ್ಮ ಹಳೆಯ ಪ್ಯಾಕ್ ಉಬ್ಬಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಹಾಗೆಂದು ಪೂರ್ತಿ ಬರಿದು ಮಾಡುವುದೂ ಸಲ್ಲದು. ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಹಾನಿ ಶುರುವಾಗುತ್ತದೆ. ಇನ್ನೂ ಆಳಕ್ಕೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗಲು ತೊಡಗಿ, ಮುಂದೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗುತ್ತದೆ. ಆದ್ದರಿಂದ ಡಿಸ್ಚಾರ್ಜ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ ಎಂಬುದನ್ನು ಮನಸ್ಸಿನಲ್ಲಿಡಿ: ಮತ್ತೆ ಬಳಸುವ ಬ್ಯಾಟರಿಯನ್ನು ಸೆಲ್ಲಿಗೆ 3.80ರಿಂದ 3.85 ವೋಲ್ಟಿಗೆ ಇಳಿಸಿ ನಿಲ್ಲಿಸುವುದು ಒಂದು. ಬಿಸಾಡುವ ಬ್ಯಾಟರಿಯನ್ನು ಸೊನ್ನೆಗೆ ತರುವುದು ಇನ್ನೊಂದು. ನಿಮ್ಮ ಏಳಕ್ಕೆ ಮೊದಲನೆಯದು ಸಾಕು. 6ಎಸ್ ಪ್ಯಾಕಿಗೆ ಒಟ್ಟು 25.2 ವೋಲ್ಟಿನಿಂದ ಸುಮಾರು 23 ವೋಲ್ಟಿಗೆ ಬಂದರೆ ಆಯಿತು.

ಚಾರ್ಜರ್ ಏಕೆ ಅಷ್ಟು ನಿಧಾನ ಎಂಬುದಕ್ಕೆ ಲೆಕ್ಕ ಹೀಗಿದೆ. ಪ್ಯಾಕಿನ ಸರಾಸರಿ ವೋಲ್ಟೇಜ್ ಎಂದು ಲೆಕ್ಕ ಹಿಡಿಯುವ 22.2 ವೋಲ್ಟನ್ನು 16 ಆಂಪಿಯರ್ ಗಂಟೆಯಿಂದ ಗುಣಿಸಿದರೆ ಒಂದು ಪ್ಯಾಕಿನಲ್ಲಿ ಸುಮಾರು 355 ವಾಟ್ ಗಂಟೆ ಶಕ್ತಿ. ಅದರ ಅರ್ಧದಷ್ಟನ್ನು, ಅಂದರೆ 178 ವಾಟ್ ಗಂಟೆಯನ್ನು ಹೊರಗೆ ತೆಗೆಯಬೇಕು. ಸಾಮಾನ್ಯ ಚಾರ್ಜರುಗಳು ಡಿಸ್ಚಾರ್ಜ್ ಮಾಡುವಾಗ ಈ ಶಕ್ತಿಯನ್ನು ತಮ್ಮದೇ ಮೈಯಲ್ಲಿ ಶಾಖವಾಗಿ ಸುಡಬೇಕಾದ್ದರಿಂದ 5 ವಾಟ್, 10 ವಾಟಿಗಿಂತ ಹೆಚ್ಚು ಎಳೆಯುವುದೇ ಇಲ್ಲ. 10 ವಾಟಿನಲ್ಲಿ ಒಂದು ಪ್ಯಾಕಿಗೆ 18 ಗಂಟೆ. ಆಟದ ಡ್ರೋನಿನ 4ಎಸ್, 1500 ಎಂಎಎಚ್ ಪ್ಯಾಕಿಗೆ ಇರುವುದೇ 22 ವಾಟ್ ಗಂಟೆ. ಅದಕ್ಕೆ ಆ ಚಾರ್ಜರ್ ಸಾಕು, ನಿಮ್ಮದಕ್ಕೆ ಸಾಲದು.

ನಿಮಗೆ ಅತ್ಯಂತ ಸುಲಭವಾಗಿ ಸಿಗುವ ಭಾರ (ಲೋಡ್, ಅಂದರೆ ಬ್ಯಾಟರಿಯಿಂದ ಕರೆಂಟ್ ಎಳೆಯುವ ಸಾಧನ) ಎಂದರೆ ಲಾರಿಯ ಹೆಡ್‌ಲೈಟ್ ಬಲ್ಬು. ಕಾರಿನ 12 ವೋಲ್ಟಿನದಲ್ಲ, ಲಾರಿಯ 24 ವೋಲ್ಟಿನ 75/70 ವಾಟಿನ ಎಚ್4 ಬಲ್ಬು. ಅದರ ಒಂದು ಫಿಲಮೆಂಟ್ ನಿಮ್ಮ ಪ್ಯಾಕಿನಿಂದ ಸುಮಾರು 3 ಆಂಪಿಯರ್ ಎಳೆಯುತ್ತದೆ. ಅಂಥ ಎರಡು ಬಲ್ಬುಗಳನ್ನು ಸಮಾನಾಂತರವಾಗಿ ಜೋಡಿಸಿದರೆ 6 ಆಂಪಿಯರ್. ಒಂದು ಪ್ಯಾಕ್ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. 16 ಆಂಪಿಯರ್ ಗಂಟೆಯ ಪ್ಯಾಕಿಗೆ ಇದು ಏನೇನೂ ಅಲ್ಲ, ಅದು ಬಿಸಿಯೂ ಆಗದು. ಡ್ರೋನಿನ ಪ್ಲಗ್ಗಿಗೆ ಹೊಂದುವ ಕನೆಕ್ಟರನ್ನು 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಬೆಸೆದು, ಪ್ಲಸ್ ವೈರಿನ ನಡುವೆ ವಾಹನಗಳಲ್ಲಿ ಬಳಸುವ 15 ಆಂಪಿಯರ್ ಫ್ಯೂಸ್ ಹಾಕಿ. ಎರಡು ಪ್ಯಾಕುಗಳನ್ನು ಡ್ರೋನಿನಲ್ಲಿ ಹಾಕುವಂತೆ ಸಾಲಾಗಿ ಸೇರಿಸಬೇಡಿ. 50 ವೋಲ್ಟಿಗೆ ಬಲ್ಬು ಒಡೆಯುತ್ತದೆ. ಒಂದೊಂದನ್ನೇ ಇಳಿಸಿ. ಬಲ್ಬನ್ನು ಹೋಲ್ಡರಿನಲ್ಲಿ ಹಾಕಿ ಇಟ್ಟಿಗೆಯ ಮೇಲಿಡಿ. ಹ್ಯಾಲೊಜೆನ್ ಗಾಜು ಗೋಣಿಚೀಲವನ್ನು ಹೊತ್ತಿಸುವಷ್ಟು ಕಾಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬಲ್ಬಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ. ನೀವು ಊಟಕ್ಕೆ ಹೋಗಿ ಕಣ್ಣು ಹತ್ತಿದರೆ ಅದು ಬ್ಯಾಟರಿಯನ್ನು ಕೊಂದೇ ಬಿಡುತ್ತದೆ. ಲೈಪೊ ಬಝರ್ ಎಂದು ಮಾರುವ ಬೆಂಕಿಪೊಟ್ಟಣದ ಗಾತ್ರದ ಸಾಧನವೊಂದಿದೆ. ಅದನ್ನು ಬ್ಯಾಟರಿಯ ಬಿಳಿ ಬ್ಯಾಲೆನ್ಸ್ ಪ್ಲಗ್ಗಿಗೆ ಚುಚ್ಚಿದರೆ ಒಂದೊಂದೇ ಸೆಲ್ಲಿನ ವೋಲ್ಟೇಜನ್ನು ತೋರಿಸುತ್ತಾ, ಯಾವುದಾದರೂ ಒಂದು ಸೆಲ್ ನೀವು ಹೇಳಿದ ಮಟ್ಟಕ್ಕೆ ಇಳಿದೊಡನೆ ಕಿರುಚುತ್ತದೆ. ಅದನ್ನು 3.8ಕ್ಕೆ ಇಡಿ. ಬ್ಯಾಲೆನ್ಸ್ ಪ್ಲಗ್ಗಿನ ಕಪ್ಪು ವೈರು ಬಝರಿನ ಮೈನಸ್ ಗುರುತಿನ ಕಡ್ಡಿಗೇ ಬರಬೇಕು. ಕೆಲಸ ಮುಗಿದ ಮೇಲೆ ಬಝರನ್ನು ಕಿತ್ತಿಡಲು ಮರೆಯಬೇಡಿ. ಅದೂ ಸ್ವಲ್ಪ ಸ್ವಲ್ಪವೇ ಕರೆಂಟ್ ಕುಡಿಯುತ್ತದೆ. ರಿಪೇರಿಗೆಂದು ನನ್ನ ಬಳಿ ಬರುವ ಸತ್ತ ಪ್ಯಾಕುಗಳಲ್ಲಿ ಬಝರ್ ಸಿಕ್ಕಿಸಿಯೇ ತಿಂಗಳುಗಟ್ಟಲೆ ಬಿಟ್ಟಂಥವು ಕಡಿಮೆಯೇನಿಲ್ಲ.

ಉತ್ತರ: ಗದ್ದೆಬದು

ತಮ್ಮ, ನಾನು ದಾವಣಗೆರೆ ಕಡೆಯ ಭತ್ತದ ಗದ್ದೆಗಳಲ್ಲಿ ಡ್ರೋನ್ ಹಾರಿಸುವವಳು; ನಮೋ ಡ್ರೋನ್ ದೀದಿ ಯೋಜನೆಯಡಿ ನಮ್ಮ ಸ್ವಸಹಾಯ ಸಂಘಕ್ಕೆ ಬಂದ ಯಂತ್ರ ಅದು. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನಿಮ್ಮ ಬಳಿ ಬಲ್ಬಿಗಿಂತ ದೊಡ್ಡ ಭಾರ ಆಗಲೇ ಇದೆ. ಅದು ಡ್ರೋನೇ. ಮಳೆ ಎರಡು ಗಂಟೆ ಹೊಳವಾದರೂ ಸಾಕು, ಹೊಲಕ್ಕೆ ಇಳಿಯಬೇಕಾಗಿಲ್ಲ. ಕಣದಲ್ಲೋ, ಜನ ದನ ಓಡಾಡದ ಗಟ್ಟಿ ನೆಲದಲ್ಲೋ ಟ್ಯಾಂಕಿಗೆ ಬರೀ ನೀರು ತುಂಬಿ, ಆಳೆತ್ತರದಲ್ಲಿ ನಿಂತಲ್ಲೇ ನಿಲ್ಲಿಸಿದರೆ ಮೋಟಾರುಗಳು ಸುಮಾರು 3 ಕಿಲೋವಾಟ್ ಎಳೆಯುತ್ತವೆ. ಒಂದು ಜೋಡಿ ಅರ್ಧಕ್ಕೆ ಬರಲು ನಮ್ಮಲ್ಲಿ ಆರೇಳು ನಿಮಿಷ ಸಾಕಾಗುತ್ತದೆ.

ಎರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹಾರುವಾಗ ಪರದೆಯ ಮೇಲೆ ಕಾಣುವ ವೋಲ್ಟೇಜ್ ಭಾರದಿಂದಾಗಿ ಕುಗ್ಗಿರುತ್ತದೆ, ಇಳಿಸಿದ ಮೇಲೆ ಅದು ಮತ್ತೆ ಏರುತ್ತದೆ. ಆದ್ದರಿಂದ ಇಳಿಸಿ, ಕಾಲು ಗಂಟೆ ನೆರಳಿನಲ್ಲಿ ಬಿಟ್ಟು, ಆಮೇಲೆ ಅಳೆದದ್ದೇ ನಿಜವಾದ ಲೆಕ್ಕ, ಇನ್ನೂ 3.9 ಇದ್ದರೆ ಮತ್ತೆರಡು ನಿಮಿಷ ಹಾರಿಸಬಹುದು. ಉಬ್ಬಿದ್ದನ್ನೂ ಅದರ ಜೊತೆಗಾರನನ್ನೂ ಈ ಕೆಲಸಕ್ಕೆ ಹಾಕಲೇಬೇಡಿ. ಗಾಳಿಯಲ್ಲಿರುವಾಗ ಒಂದು ಸೆಲ್ ಕೈಕೊಟ್ಟರೆ ನೀರು ತುಂಬಿದ ಡ್ರೋನ್ ತಲೆಯ ಮೇಲೆ ಬೀಳುತ್ತದೆ.

ನಾವು ಈಗ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡುವುದನ್ನೇ ಬಿಟ್ಟಿದ್ದೇವೆ. ಎಲ್ಲವನ್ನೂ ಅರ್ಧದಲ್ಲೇ ಇಟ್ಟು, ಬೆಳಿಗ್ಗೆ ಆಕಾಶ ನೋಡಿ ಮೊದಲ ಜೋಡಿಯನ್ನು ಹಾಕುತ್ತೇವೆ. ಅದು ಹಾರುವಷ್ಟರಲ್ಲಿ ಎರಡನೆಯದು ಸಿದ್ಧವಾಗುತ್ತಿರುತ್ತದೆ.

ಉತ್ತರ: ಹಳೇ ಮೇಷ್ಟ್ರು

ನಾನು ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಉಬ್ಬಿದ ಪ್ಯಾಕನ್ನು ಸೊನ್ನೆಗೆ ತರಲು ಹೆಡ್‌ಲೈಟ್ ಬಲ್ಬಿಗಿಂತ ಮೆತ್ತಗಿನ ಭಾರವೊಂದನ್ನು ಸೂಚಿಸುತ್ತೇನೆ. ಸ್ನಾನದ ನೀರು ಕಾಯಿಸುವ 1500 ವಾಟಿನ ಇಮ್ಮರ್ಶನ್ ರಾಡ್ ಬಹುತೇಕ ಮನೆಗಳಲ್ಲಿ ಇರುತ್ತದೆ. 230 ವೋಲ್ಟಿಗೆ ಮಾಡಿದ ಅದರ ರೋಧ ಸುಮಾರು 35 ಓಮ್. ಅದಕ್ಕೆ 24 ವೋಲ್ಟ್ ಕೊಟ್ಟರೆ ಹರಿಯುವುದು 0.7 ಆಂಪಿಯರ್, ಹುಟ್ಟುವ ಶಾಖ 17 ವಾಟ್. ಬಕೆಟ್ ನೀರಿನಲ್ಲಿ ರಾಡ್ ಮಾತ್ರ ಮುಳುಗಿರಲಿ, ಬ್ಯಾಟರಿ ಹರವಿಯಲ್ಲೇ ಇರಲಿ. ನೀರು ಬೆಚ್ಚಗಾಗುವುದೂ ತಿಳಿಯದು. ಒಂದು ದಿನದಷ್ಟು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಕೆಟ್ಟ ಸೆಲ್ಲಿನಿಂದ ಅವಸರವಾಗಿ ಕರೆಂಟ್ ಎಳೆಯುವುದೇ ಅಪಾಯ. ಹಗಲಿನಲ್ಲಿ ಮಾತ್ರ, ಕಣ್ಣಳತೆಯಲ್ಲಿ ನಡೆಸಿ, ರಾತ್ರಿ ಬಿಚ್ಚಿಡಿ.

ಹಳೆಯ ರಾಡೊಂದರ ಮೂರು ಕಡ್ಡಿಯ ಪ್ಲಗ್ಗನ್ನು ಕತ್ತರಿಸಿ ತೆಗೆದ ಮೇಲೆಯೇ ಅದನ್ನು ಬ್ಯಾಟರಿಗೆ ಜೋಡಿಸಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಪ್ಲಗ್ ಹಾಗೇ ಇದ್ದರೆ ಮನೆಯಲ್ಲಿ ಯಾರಾದರೂ ನೀರು ಕಾಯಿಸಲೆಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಬಿಡುತ್ತಾರೆ, ಆಗ 230 ವೋಲ್ಟ್ ನೇರವಾಗಿ ಬ್ಯಾಟರಿಗೆ ನುಗ್ಗುತ್ತದೆ. ರಾಡು ಬಲ್ಬಿನಂತೆ ಬೆಳಗಿ ತೋರಿಸುವುದಿಲ್ಲವಾದ್ದರಿಂದ ಮಲ್ಟಿಮೀಟರಿನಿಂದ ಆಗಾಗ ಅಳೆಯಬೇಕು. ಸೊನ್ನೆಯ ಹತ್ತಿರ ಬಂದೊಡನೆ ಬಿಚ್ಚಿದರೆ ವೋಲ್ಟೇಜ್ ಮತ್ತೆ ತಲೆ ಎತ್ತುತ್ತದೆ. ಇನ್ನೊಂದು ದಿನ ಜೋಡಿಸಿಯೇ ಬಿಟ್ಟು, ಆಮೇಲೆ ಪ್ಲಸ್ಸು ಮೈನಸ್ಸು ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ.

ಅದನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಅವರು ತಾಮ್ರಕ್ಕಾಗಿ ಸುತ್ತಿಗೆಯಿಂದ ಒಡೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಅವುಗಳನ್ನು ಮಾರುಕಟ್ಟೆಗೆ ತಂದ ಉತ್ಪಾದಕರದ್ದು. ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಹೊಸ ಪ್ಯಾಕ್ ಕೊಳ್ಳುವಾಗ ಹಳೆಯದನ್ನು ಹಿಂದಕ್ಕೆ ಪಡೆಯುವಂತೆ ಮಾರಿದವರನ್ನು ಗಟ್ಟಿಯಾಗಿ ಕೇಳಿ.

ಉತ್ತರ: ಬಾಲ್ಸಾಮರ

ಉಪ್ಪುನೀರಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನನಗಾದದ್ದನ್ನು ಹೇಳುತ್ತೇನೆ. ಮೈಸೂರಿನಲ್ಲಿ ನಾನು ಬಾಲ್ಸಾ ಮರದ ಚಿಕ್ಕ ವಿಮಾನಗಳನ್ನು ಹಾರಿಸುತ್ತೇನೆ. ಒಮ್ಮೆ ನೆಲಕ್ಕೆ ಬಡಿದು ಮೂಲೆ ನಜ್ಜಾದ 3ಎಸ್ ಪ್ಯಾಕನ್ನು ಎಲ್ಲರೂ ಹೇಳುವಂತೆ ಒಂದು ಬಕೆಟ್ ಉಪ್ಪುನೀರಿಗೆ ಹಾಕಿದೆ. ವೈರಿನ ತುದಿಗಳಿಂದ ಗುಳ್ಳೆಗಳು ಏಳತೊಡಗಿದವು, ಈಜುಕೊಳದ ನೀರಿನಂಥ ಘಾಟು ಬಂತು. ಆ ಗುಳ್ಳೆಗಳು ಹೈಡ್ರೋಜನ್ ಮತ್ತು ಕ್ಲೋರಿನ್. ಮುಚ್ಚಿದ ಕೋಣೆಯಲ್ಲಿ ಎರಡೂ ಒಳ್ಳೆಯವಲ್ಲ. ಎರಡು ದಿನದ ಮೇಲೆ ಗುಳ್ಳೆ ನಿಂತಿತ್ತು, ನೀರು ಹಸಿರು ಕಂದು ಬಣ್ಣಕ್ಕೆ ತಿರುಗಿತ್ತು. ಬ್ಯಾಟರಿ ಸತ್ತಿದೆ ಎಂದೇ ತಿಳಿದು ಹೊರತೆಗೆದರೆ, ಕನೆಕ್ಟರಿನ ಹಿತ್ತಾಳೆ ಪೂರ್ತಿ ತಿಂದುಹೋಗಿತ್ತು. ವೈರಿನ ರಬ್ಬರನ್ನು ಸ್ವಲ್ಪ ಸುಲಿದು ಮೀಟರಿನ ಕಡ್ಡಿ ಇಟ್ಟಾಗ ತೋರಿಸಿದ್ದು 11 ವೋಲ್ಟಿಗಿಂತ ಹೆಚ್ಚು.

ಅಂದರೆ ಉಪ್ಪುನೀರು ಮೊದಲು ತಿನ್ನುವುದು ದಾರಿಯನ್ನು, ಒಳಗಿನ ಚಾರ್ಜನ್ನಲ್ಲ. ದಾರಿ ಕಡಿದ ಮೇಲೆ ಚಾರ್ಜ್ ಒಳಗೇ ಉಳಿಯುತ್ತದೆ, ಅದನ್ನು ತೆಗೆಯಲು ಹಿಡಿಯುವ ತುದಿಯೂ ಉಳಿದಿರುವುದಿಲ್ಲ. ನಿಮ್ಮ 355 ವಾಟ್ ಗಂಟೆಯ ಪ್ಯಾಕಿನಲ್ಲಿ ಹೀಗಾದರೆ ಅದನ್ನು ಮುಟ್ಟುವವರಾರು? ದಯವಿಟ್ಟು ಡ್ರಮ್ಮಿನ ಯೋಚನೆ ಬಿಡಿ.

ಆದರೆ ಡ್ರಮ್ಮಿನ ತುಂಬ ಸಿಹಿನೀರು ಪಕ್ಕದಲ್ಲಿರಲಿ. ಲಿಥಿಯಂ ಎಂಬ ಹೆಸರು ಕೇಳಿ ನೀರು ಹಾಕಲೇಬಾರದೆಂದು ಹಲವರು ತಿಳಿದಿದ್ದಾರೆ. ಆ ಮಾತು ಲಿಥಿಯಂ ಲೋಹಕ್ಕೆ ಸಲ್ಲುವುದೇ ಹೊರತು ಇಂಥ ಬ್ಯಾಟರಿಗಳಿಗಲ್ಲ. ಒಂದು ಸೆಲ್ಲಿಗೆ ಹೊತ್ತಿದ ಬೆಂಕಿ ಪಕ್ಕದ ಸೆಲ್ಲಿಗೆ ದಾಟದಂತೆ ತಣ್ಣಗಾಗಿಸಲು ದೂರದಿಂದ ಸುರಿಯುವ ಧಾರಾಳ ನೀರೇ ಬೇಕು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷವಿರುತ್ತದೆ, ಗಾಳಿ ಬರುವ ಕಡೆಗೆ ಬೆನ್ನು ಮಾಡಿಯೇ ನಿಲ್ಲಿ.

ಮರುಬರಹ: ತೊಗರಿಹೊಲ

ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು. ಕಲಬುರಗಿಯ ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ ಎರಡು ಬಲ್ಬು, ಹೋಲ್ಡರು, ಫ್ಯೂಸು ಸಿಕ್ಕವು. ಬಝರ್ ಇಲ್ಲಿ ಸಿಗದೆ, ಬೆಂಗಳೂರಿನಲ್ಲಿರುವ ತಂಗಿಯ ಗಂಡ ಎಸ್.ಪಿ. ರಸ್ತೆಯಲ್ಲಿ ಕೊಂಡು ಬಸ್ಸಿಗೆ ಹಾಕಿ ಕಳಿಸಿದರು. ಶನಿವಾರ ಮಧ್ಯಾಹ್ನ ಮಳೆ ಬಿಟ್ಟಾಗ ಅಕ್ಕ ಹೇಳಿದಂತೆ ಎರಡು ಜೋಡಿಗಳನ್ನು ಕಣದಲ್ಲಿ ನೀರು ತುಂಬಿ ಹಾರಿಸಿದೆ. ಏಳು ನಿಮಿಷದ ನಂತರ ಇಳಿಸಿ ಅಳೆದಾಗ ಒಂದು ಜೋಡಿ 3.84, ಇನ್ನೊಂದು 3.82. ಮತ್ತೆ ಮೋಡ ಕಟ್ಟಿದ್ದರಿಂದ ಉಳಿದ ಮೂರನ್ನು ಪಡಸಾಲೆಯ ಹೊರಗೆ ಬಲ್ಬಿಗೆ ಹಾಕಿದೆವು. ಒಂದೊಂದಕ್ಕೂ ಸುಮಾರು ಒಂದೂವರೆ ಗಂಟೆ ಹಿಡಿಯಿತು, ನಾನು ಮತ್ತು ತಮ್ಮ ಸರದಿಯಂತೆ ಪಕ್ಕದಲ್ಲೇ ಕುಳಿತಿದ್ದೆವು. ಉಬ್ಬಿದ್ದು ಮರಳಿನ ಹರವಿಯಲ್ಲಿದೆ, ಮೇಷ್ಟ್ರು ಹೇಳಿದಂತೆ ಪ್ಲಗ್ ಕತ್ತರಿಸಿದ ರಾಡಿಗೆ ಇವತ್ತು ಎರಡನೆಯ ದಿನ. ಬೆಳಿಗ್ಗೆ ನೋಡಿದಾಗ 17 ವೋಲ್ಟ್ ಇತ್ತು.

ಒಂದು ಸಂದೇಹ ಉಳಿದಿದೆ. ಬಲ್ಬಿಗೆ ಹಾಕಿದ ಮೂರರಲ್ಲಿ ಒಂದರ ಐದು ಸೆಲ್ಲುಗಳು 3.88ರಲ್ಲಿದ್ದಾಗಲೇ ನಾಲ್ಕನೆಯ ಸೆಲ್ 3.80ಕ್ಕೆ ಇಳಿದು ಬಝರ್ ಕೂಗಿತು. ಅದು ಉಬ್ಬಿದ್ದರ ಜೊತೆಗಾರ ಪ್ಯಾಕೇ. ಇದನ್ನು ಬಳಸಬಹುದೇ?

ಉತ್ತರ: ಬೆಸುಗೆಕಡ್ಡಿ

ನೀವು ಬಝರ್ ಕೂಗಿದಾಗ ನಿಲ್ಲಿಸಿದ್ದು ಸರಿಯಾಯಿತು. ಒಟ್ಟು ವೋಲ್ಟೇಜ್ ಮಾತ್ರ ನೋಡುತ್ತಿದ್ದರೆ 23.2 ಕಾಣಿಸಿ, ಇನ್ನೂ ಇಳಿಸಬಹುದು ಎನಿಸುತ್ತಿತ್ತು. ನಾಲ್ಕನೆಯ ಸೆಲ್ಲಿನ ಶಕ್ತಿ ಕುಂದಿದೆಯೋ, ಅಥವಾ ಅದು ಬರೀ ಹೊಂದಾಣಿಕೆ ತಪ್ಪಿದೆಯೋ ಎಂಬುದು ಈಗಲೇ ಹೇಳಲಾಗದು. ಒಂದು ಸಲ ಬ್ಯಾಲೆನ್ಸ್ ಚಾರ್ಜಿಗೆ ಹಾಕಿ, ನಿಮ್ಮ ಕಣ್ಣೆದುರೇ, ಕಡಿಮೆ ಆಂಪಿಯರಿನಲ್ಲಿ, ಆರೂ ಸೆಲ್ಲುಗಳು 4.20ಕ್ಕೆ ಬರಲಿ. ನಂತರ ಮತ್ತೆ ಅದೇ ಬಲ್ಬಿಗೆ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಆರೂ ಅಂಕಿಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕನೆಯದು ಮತ್ತೆ ಹಿಂದೆ ಬಿದ್ದರೆ ಆ ಪ್ಯಾಕಿನ ಹಾರುವ ಕೆಲಸ ಮುಗಿಯಿತು. ಮೇಷ್ಟ್ರ ರಾಡಿಗೆ ಕಳಿಸಿ. ಎಲ್ಲವೂ ಒಟ್ಟೊಟ್ಟಿಗೆ ಇಳಿದರೂ ಅದನ್ನು ಹೊಸ ಪ್ಯಾಕಿನ ಜೊತೆ ಡ್ರೋನಿಗೆ ಹಾಕಬೇಡಿ. ಸಾಲಾಗಿ ಸೇರಿಸಿದ ಎರಡರಲ್ಲಿ ಹಳೆಯದು ಬೇಗ ಬರಿದಾಗುತ್ತದೆ, ಹೊಸದು ಅದನ್ನು ಎಳೆದುಕೊಂಡು ಹೋಗುತ್ತದೆ. ಉಳಿದ ಮೂರು ಜೋಡಿಗಳ ಮೇಲೆ ಇವತ್ತೇ ಪೇಂಟಿನಲ್ಲಿ ಜೋಡಿಯ ಸಂಖ್ಯೆಯನ್ನೂ ಕೊಂಡ ತಿಂಗಳನ್ನೂ ಬರೆದಿಡಿ, ಒಂದನೆಯ ಜೋಡಿಯ ಪ್ಯಾಕ್ ಎರಡನೆಯದರ ಜೊತೆ ಎಂದೂ ಸೇರದಂತೆ.